ಹೇರಾ

ಹೇರಾ ಪ್ರಾಚೀನ ಗ್ರೀಕರ ವಿವಾಹದೇವತೆ. ದೇವತೆಗಳ ಅರಸನಾದ ಜ್ಯೂಸ್‌ನ ಸೋದರಿ ಮತ್ತು ವಿಧ್ಯುಕ್ತ ಪತ್ನಿ. ಒಲಿಂಪಸ್ ಪರ್ವತದಲ್ಲಿ ನೆಲೆಸಿದ ಹನ್ನೆರಡು ಮಹಾದೇವತೆಗಳಲ್ಲಿ ಒಬ್ಬಳು. ಮದುವೆಯ ಬಂಧ, ವಿವಾಹಿತ ಸ್ತ್ರೀಯ ಸ್ಥಾನಮಾನ, ಹೆರಿಗೆ ಮತ್ತು ಅರಸೊತ್ತಿಗೆ ಅವಳ ಅಧಿಕಾರಕ್ಕೆ ಸೇರಿದ ವಿಷಯಗಳು. ಆರ್ಗೋಸ್, ಸಾಮೋಸ್ ಮೊದಲಾದ ನಗರಗಳಿಗೆ ಅವಳೇ ನಗರದೇವತೆ. ರೋಮನ್ನರು ಅವಳನ್ನು ತಮ್ಮ ಜೂನೋ ದೇವತೆಯೊಡನೆ ಒಂದಾಗಿಸಿದರು.

ಹೇರಾಳ ಚಿತ್ರ ಎರಡು ಬಗೆಯ ಆಧಾರಗಳಿಂದ ದೊರೆಯುತ್ತದೆ. ಮಹಾಕಾವ್ಯಗಳು ಮತ್ತು ಪುರಾಣಕಥೆಗಳಲ್ಲಿ ಅವಳು ಗಂಡನ ಪರಸ್ತ್ರೀ ಸಂಬಂಧಗಳಿಂದ ಕೆರಳುವ, ಹಟ ಸಾಧಿಸುವ ರಾಣಿ. ದೇವಾಲಯಗಳು, ಶಾಸನಗಳು, ಹರಕೆಯ ವಸ್ತುಗಳು ಮತ್ತು ಉತ್ಸವಗಳ ವಿವರಗಳಲ್ಲಿ ಅವಳು ಮದುವೆಯನ್ನು ಪೂರ್ಣಗೊಳಿಸುವ, ನಗರವನ್ನು ಕಾಯುವ ಗಂಭೀರ ದೇವತೆ. ಈ ಎರಡೂ ಮುಖಗಳ ಕೇಂದ್ರದಲ್ಲಿರುವುದು ಪತ್ನಿತ್ವವೇ. ಈ ಲೇಖನದಲ್ಲಿ ಹೇರಾಯೋನ್ ಎಂದರೆ ಹೇರಾಳ ಕ್ಷೇತ್ರ, ಅಂದರೆ ದೇವಾಲಯ, ಬಲಿಪೀಠ ಮತ್ತು ಸುತ್ತಲಿನ ಪವಿತ್ರ ಭೂಮಿ ಸೇರಿದ ಆವರಣ. ಆರಾಧನಾ ನಾಮವೆಂದರೆ ಪೂಜೆಯಲ್ಲಿ ದೇವತೆಯನ್ನು ಕರೆಯುತ್ತಿದ್ದ ಹೆಸರು. ಕಾವ್ಯದ ವಿಶೇಷಣಗಳು ಅದರಿಂದ ಬೇರೆಯಾದವು.

ಹೆಸರು ಮತ್ತು ಪ್ರಾಚೀನತೆ

ಹೇರಾ ಎಂಬ ಹೆಸರಿನ ವ್ಯುತ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಋತು, ಕಾಲ ಎಂಬರ್ಥದ ‘ಹೋರಾ’ ಪದಕ್ಕೆ ಅದನ್ನು ಜೋಡಿಸಿ, ಮದುವೆಯ ವಯಸ್ಸಿಗೆ ಬಂದವಳು ಎಂದು ಅರ್ಥೈಸುವುದು ಒಂದು ವಾದ. ವೀರ ಎಂಬರ್ಥದ ‘ಹೇರೋಸ್’ ಪದಕ್ಕೆ ಸಂಬಂಧ ಕಲ್ಪಿಸುವುದು ಇನ್ನೊಂದು. ಗ್ರೀಕರು ಬರುವ ಮೊದಲೇ ಆ ನಾಡಿನಲ್ಲಿದ್ದ ಭಾಷೆಯಿಂದ ಹೆಸರು ಬಂದಿರಬೇಕೆಂದು ಹೇಳುವವರೂ ಇದ್ದಾರೆ. ಪ್ಲೇಟೋ ತನ್ನ ‘ಕ್ರ್ಯಾಟಿಲಸ್’ ಸಂವಾದದಲ್ಲಿ ಈ ಹೆಸರನ್ನು ‘ಪ್ರಿಯಳಾದವಳು’ ಎಂಬ ಪದದೊಡನೆಯೂ ಗಾಳಿ ಎಂಬರ್ಥದ ‘ಏರ್’ ಪದದೊಡನೆಯೂ ಹೋಲಿಸಿದ್ದಾನೆ. ಹೇರಾಳನ್ನು ವಾಯುಮಂಡಲದ ಸಂಕೇತವೆಂದು ಕಾಣುವ ಮುಂದಿನ ತಾತ್ವಿಕರ ವ್ಯಾಖ್ಯಾನಕ್ಕೆ ಈ ಎರಡನೆಯ ಹೋಲಿಕೆ ಆಧಾರವಾಯಿತು.

ಹೆಸರಿನ ಅತಿ ಹಳೆಯ ದಾಖಲೆಗಳು ಲೀನಿಯರ್ ಬಿ ಲಿಪಿಯ ಮಣ್ಣಿನ ಫಲಕಗಳಲ್ಲಿವೆ. ಮೈಕೆಲ್ ವೆಂಟ್ರಿಸ್ 1952ರಲ್ಲಿ ಈ ಲಿಪಿಯನ್ನು ಬಿಡಿಸಿದ ಬಳಿಕ, ಪೆಲೊಪೊನೀಸ್‌ನ ಪೈಲೋಸ್ ಅರಮನೆಯಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 1200ರ ಒಂದು ಫಲಕದಲ್ಲಿ ‘ಎ-ರ’ ಎಂಬ ಹೆಸರು ಕಂಡುಬಂತು. ದೇವತೆಗಳಿಗೆ ಸಲ್ಲಿಸಿದ ಕಾಣಿಕೆಗಳ ಪಟ್ಟಿಯಾದ ಅದರಲ್ಲಿ ಹೇರಾಳ ಹೆಸರು ಜ್ಯೂಸ್‌ನ ಹೆಸರಿನ ಜೊತೆಯಲ್ಲೇ ಬರುತ್ತದೆ. ಹೋಮರನ ಕಾವ್ಯಗಳು ರೂಪುಗೊಳ್ಳುವುದಕ್ಕೆ ಹಲವು ಶತಮಾನ ಮೊದಲೇ ಈ ಜೋಡಿ ಪೂಜೆಗೊಳ್ಳುತ್ತಿತ್ತೆಂಬುದಕ್ಕೆ ಇದು ಸಾಕ್ಷಿ.

ಜನನ ಮತ್ತು ಸಂತಾನ

ಹೆಸಿಯಡ್‌ನ ‘ಥಿಯೋಗನಿ’ ಕಾವ್ಯದ ಪ್ರಕಾರ ಹೇರಾ ಟೈಟನ್ ಕುಲದ ಕ್ರೋನಸ್ ಮತ್ತು ರಿಯಾ ದಂಪತಿಯ ಮಗಳು. ಹೆಸ್ಟಿಯಾ, ಡಿಮೀಟರ್, ಹೇಡಿಸ್, ಪೊಸೈಡನ್ ಮತ್ತು ಜ್ಯೂಸ್ ಅವಳ ಒಡಹುಟ್ಟಿದವರು. ತನ್ನ ಮಕ್ಕಳಲ್ಲೊಬ್ಬನೇ ತನ್ನನ್ನು ಪದಚ್ಯುತಗೊಳಿಸುತ್ತಾನೆಂಬ ಭಯದಿಂದ ಕ್ರೋನಸ್ ಹುಟ್ಟಿದ ಶಿಶುಗಳನ್ನೆಲ್ಲ ನುಂಗುತ್ತಾನೆ. ಹೇರಾಳೂ ಅವನ ಹೊಟ್ಟೆ ಸೇರುತ್ತಾಳೆ. ರಿಯಾ ಗುಟ್ಟಾಗಿ ಉಳಿಸಿಕೊಂಡ ಜ್ಯೂಸ್ ಬೆಳೆದ ಮೇಲೆ ಕ್ರೋನಸ್ ನುಂಗಿದವರನ್ನೆಲ್ಲ ಕಕ್ಕಬೇಕಾಗುತ್ತದೆ. ‘ಇಲಿಯಡ್’ ಬೇರೊಂದು ಸಂಪ್ರದಾಯವನ್ನು ಹೇಳುತ್ತದೆ: ಜ್ಯೂಸ್ ಮತ್ತು ಕ್ರೋನಸ್ ನಡುವೆ ಹೋರಾಟ ನಡೆದ ಕಾಲದಲ್ಲಿ ಓಷಿಯಾನಸ್ ಮತ್ತು ಟೆಥಿಸ್ ಎಂಬ ಜಲದೇವತೆಗಳ ಮನೆಯಲ್ಲಿ ಹೇರಾ ಬೆಳೆದಳು. ಸಾಮೋಸ್ ದ್ವೀಪದವರು ಅವಳು ತಮ್ಮ ಇಂಬ್ರಾಸೋಸ್ ನದಿಯ ದಡದಲ್ಲಿ ಹುಟ್ಟಿದಳೆಂದರೆ, ಆರ್ಗೋಸ್‌ನವರು ತಮ್ಮ ಆಸ್ಟೀರಿಯೋನ್ ನದಿಯ ಮೂವರು ಹೆಣ್ಣುಮಕ್ಕಳು ಅವಳನ್ನು ಸಾಕಿದರೆಂದು ಹೇಳುತ್ತಿದ್ದರು.

ಹೆಸಿಯಡ್ ಎಣಿಸುವ ಜ್ಯೂಸ್‌ನ ಏಳು ಪತ್ನಿಯರಲ್ಲಿ ಹೇರಾ ಕೊನೆಯವಳು; ಆದರೆ ಸಿಂಹಾಸನದಲ್ಲಿ ಪಾಲುಳ್ಳ ಪಟ್ಟದರಸಿ ಅವಳೊಬ್ಬಳೇ. ಈ ದಂಪತಿಗೆ ಮೂವರು ಮಕ್ಕಳು: ತಾರುಣ್ಯದ ದೇವತೆ ಹೀಬಿ, ಯುದ್ಧದೇವ ಏರೀಸ್, ಹೆರಿಗೆಯ ದೇವತೆ ಐಲೀಥಿಯಾ. ಜ್ಯೂಸ್ ತನ್ನ ತಲೆಯಿಂದ ಅಥೀನಾಳನ್ನು ಹುಟ್ಟಿಸಿದ್ದಕ್ಕೆ ಪ್ರತಿಯಾಗಿ ಹೇರಾ ಗಂಡನ ಸಂಗವಿಲ್ಲದೆ ಕಮ್ಮಾರ ದೇವ ಹೆಫೀಸ್ಟಸ್‌ನನ್ನು ಹೆತ್ತಳೆಂದು ಹೆಸಿಯಡ್ ಹೇಳಿದರೆ, ಹೋಮರ್ ಅವನನ್ನು ಇಬ್ಬರ ಮಗನೆಂದೇ ಪರಿಗಣಿಸುತ್ತಾನೆ. ಅಪೋಲೋ ಕುರಿತ ಹೋಮರೀಯ ಸ್ತೋತ್ರದಲ್ಲಿ ಹೇರಾ ಅದೇ ಕೋಪದಲ್ಲಿ ಟೈಫನ್ ಎಂಬ ದೈತ್ಯನನ್ನು ಒಬ್ಬಳೇ ಹೆರುತ್ತಾಳೆ. ದೇವತೆಗಳ ರಾಣಿಗೆ ಇದು ಚಿಕ್ಕ ಸಂತಾನವೇ. ಗ್ರೀಕರು ಅವಳನ್ನು ಪ್ರಧಾನವಾಗಿ ಪೂಜಿಸಿದ್ದು ತಾಯಿಯಾಗಿ ಅಲ್ಲ, ಪತ್ನಿಯಾಗಿ.

ಜ್ಯೂಸ್ ಮತ್ತು ಹೇರಾ ವಿವಾಹ

ಈ ಇಬ್ಬರ ಮದುವೆಯನ್ನು ಗ್ರೀಕರು ‘ಹಿಯರೋಸ್ ಗಾಮೋಸ್’, ಅಂದರೆ ಪವಿತ್ರ ವಿವಾಹ, ಎಂದು ಕರೆದರು. ಹಲವು ಊರುಗಳು ಆ ಮದುವೆ ತಮ್ಮಲ್ಲೇ ನಡೆಯಿತೆಂದು ಹೇಳಿಕೊಂಡವು. ಪೆಲೊಪೊನೀಸ್‌ನ ಹರ್ಮಿಯೋನಿ ಪ್ರದೇಶದ ಕಥೆಯಲ್ಲಿ ಜ್ಯೂಸ್ ಕೋಗಿಲೆಯ ಕುಲದ ಕುಕೂ ಹಕ್ಕಿಯ ರೂಪ ತಾಳಿ, ಕನ್ಯೆ ಹೇರಾಳ ಕೈಗೆ ಸಿಕ್ಕಿ, ಅವಳನ್ನು ಒಲಿಸಿಕೊಳ್ಳುತ್ತಾನೆ. ಅದು ನಡೆದ ಥೋರ್ನಾಕ್ಸ್ ಬೆಟ್ಟಕ್ಕೆ ಆಮೇಲೆ ಕುಕೂ ಬೆಟ್ಟವೆಂದೇ ಹೆಸರಾಯಿತೆಂದು ಕ್ರಿ.ಶ. 2ನೇ ಶತಮಾನದ ಪ್ರವಾಸಿ ಲೇಖಕ ಪೌಸೇನಿಯಸ್ ದಾಖಲಿಸಿದ್ದಾನೆ. ಭೂದೇವಿ ಗಾಯಾ ಮದುವೆಯ ಉಡುಗೊರೆಯಾಗಿ ಕೊಟ್ಟ ಚಿನ್ನದ ಸೇಬುಗಳನ್ನು ಹೇರಾ ಪಶ್ಚಿಮ ದಿಕ್ಕಿನ ಕೊನೆಯ ತೋಟದಲ್ಲಿ ಇರಿಸಿದಳು. ಅವನ್ನು ಹೆಸ್ಪೆರಿಡೀಸ್ ಕನ್ಯೆಯರು ಮತ್ತು ಒಂದು ಮಹಾಸರ್ಪ ಕಾಯುತ್ತಿದ್ದವು.

‘ಇಲಿಯಡ್’ನ 14ನೇ ಸರ್ಗದಲ್ಲಿ ಈ ದಾಂಪತ್ಯದ ಅತಿ ವಿಸ್ತಾರವಾದ ವರ್ಣನೆಯಿದೆ. ಟ್ರಾಯ್ ಯುದ್ಧದಲ್ಲಿ ಗ್ರೀಕರ ಪರವಾಗಿದ್ದ ಹೇರಾ ಜ್ಯೂಸ್‌ನ ಗಮನವನ್ನು ರಣರಂಗದಿಂದ ತಪ್ಪಿಸಲು ಹೊರಡುತ್ತಾಳೆ. ಮಿಂದು, ಪರಿಮಳ ತೈಲ ಲೇಪಿಸಿಕೊಂಡು, ಜಡೆ ಹೆಣೆದು, ಓಲೆ ತೊಟ್ಟು, ಮುಸುಕು ಹೊದೆಯುತ್ತಾಳೆ. ಅಫ್ರೊಡೈಟಿಯಿಂದ ಮೋಹಕ ಪಟ್ಟಿಯೊಂದನ್ನು ಎರವಲು ಪಡೆಯುತ್ತಾಳೆ. ನಿದ್ರಾದೇವ ಹಿಪ್ನೋಸ್‌ಗೆ ಪಸಿಥಿಯಾ ಎಂಬ ಕನ್ಯೆಯನ್ನು ಮದುವೆ ಮಾಡಿಕೊಡುವ ಮಾತು ಕೊಟ್ಟು ಅವನ ನೆರವು ಗಳಿಸುತ್ತಾಳೆ. ಐಡಾ ಪರ್ವತದ ಮೇಲೆ ಇಬ್ಬರೂ ಒಂದಾದಾಗ ಅವರ ಕೆಳಗಿನ ನೆಲದಿಂದ ಎಳೆಹುಲ್ಲು, ಕೇಸರಿ ಮತ್ತು ಹಯಸಿಂತ್ ಹೂಗಳು ಚಿಗುರುತ್ತವೆ. ಚಿನ್ನದ ಮೋಡವೊಂದು ಅವರನ್ನು ಮರೆಮಾಡುತ್ತದೆ. ಕಥೆಯ ಸಂದರ್ಭ ವಂಚನೆಯದಾದರೂ ಈ ದೃಶ್ಯದ ಹಿಂದೆ ಪವಿತ್ರ ವಿವಾಹದ ಹಳೆಯ ಆಚರಣೆಯ ನೆರಳಿದೆಯೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಪುರಾಣಕಥೆಗಳು

ಹೇರಾ ಪಾತ್ರವಹಿಸುವ ಕಥೆಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಗಂಡ ಹೆಂಡಿರ ಕಲಹದ ಕಥೆಗಳು. ಹೇರಾ, ಪೊಸೈಡನ್ ಮತ್ತು ಅಥೀನಾ ಸೇರಿ ಜ್ಯೂಸ್‌ನನ್ನು ಕಟ್ಟಿಹಾಕಲು ಹೊಂಚಿದಾಗ ಕಡಲಕನ್ಯೆ ಥೆಟಿಸ್ ನೂರು ಕೈಗಳ ಬ್ರಿಯಾರಿಯಸ್‌ನನ್ನು ಕರೆತಂದು ಅವನನ್ನು ಪಾರುಮಾಡುತ್ತಾಳೆ. ಇನ್ನೊಮ್ಮೆ ಜ್ಯೂಸ್ ಹೇರಾಳ ಕೈಗಳಿಗೆ ಚಿನ್ನದ ಸಂಕೋಲೆ ತೊಡಿಸಿ, ಕಾಲುಗಳಿಗೆ ಅಡಿಗಲ್ಲುಗಳನ್ನು ಬಿಗಿದು ಆಕಾಶದಲ್ಲಿ ತೂಗುಹಾಕಿದ್ದನೆಂದು ‘ಇಲಿಯಡ್’ ಹೇಳುತ್ತದೆ. ತಾಯಿಯಿಂದ ಸ್ವರ್ಗದ ಹೊರಗೆ ಎಸೆಯಲ್ಪಟ್ಟ ಹೆಫೀಸ್ಟಸ್ ಸೇಡಿಗಾಗಿ ಮಾಯಾಸಿಂಹಾಸನವೊಂದನ್ನು ಮಾಡಿ ಕಳಿಸುತ್ತಾನೆ. ಕುಳಿತ ಹೇರಾ ಏಳಲಾರದೆ ಸಿಕ್ಕಿಬೀಳುತ್ತಾಳೆ. ಡಯೊನೈಸಸ್ ಹೆಫೀಸ್ಟಸ್‌ಗೆ ಮದ್ಯ ಕುಡಿಸಿ ಒಲಿಂಪಸ್‌ಗೆ ಕರೆತಂದ ಮೇಲೆ ಅವಳಿಗೆ ಬಿಡುಗಡೆ. ಕುಡಿಕೆ ಮತ್ತು ಹೂಜಿಗಳ ಮೇಲಿನ ಚಿತ್ರಗಳಲ್ಲಿ ಇದು ಬಹು ಜನಪ್ರಿಯ ವಸ್ತು.

ಎರಡನೆಯದು ಜ್ಯೂಸ್‌ನ ಪ್ರೇಯಸಿಯರು ಮತ್ತು ಅವರ ಮಕ್ಕಳ ಮೇಲಿನ ಕೋಪದ ಕಥೆಗಳು. ಆರ್ಗೋಸ್‌ನಲ್ಲಿ ಹೇರಾಳ ಅರ್ಚಕಿಯೇ ಆಗಿದ್ದ ಐಯೋಳನ್ನು ಜ್ಯೂಸ್ ಬಯಸುತ್ತಾನೆ. ಅವಳು ಹಸುವಾಗಿ ಮಾರ್ಪಡುತ್ತಾಳೆ. ಮೈಯೆಲ್ಲ ಕಣ್ಣಾದ ಆರ್ಗಸ್‌ನನ್ನು ಹೇರಾ ಕಾವಲಿಗಿಡುತ್ತಾಳೆ. ಹರ್ಮೀಸ್ ಅವನನ್ನು ಕೊಂದಾಗ ಹಸುವನ್ನು ಅಟ್ಟಲು ಕಚ್ಚುವ ನೊಣವನ್ನು ಕಳಿಸುತ್ತಾಳೆ. ಐಯೋ ದೇಶದೇಶ ಅಲೆದು ಈಜಿಪ್ಟ್ ಸೇರುತ್ತಾಳೆ. ಸತ್ತ ಆರ್ಗಸ್‌ನ ಕಣ್ಣುಗಳನ್ನು ದೇವಿ ನವಿಲಿನ ಗರಿಗಳಲ್ಲಿ ಇರಿಸಿದಳೆಂದು ರೋಮನ್ ಕವಿ ಓವಿಡ್ ವರ್ಣಿಸಿದ್ದಾನೆ. ಸೆಮೆಲಿ ಜ್ಯೂಸ್‌ನ ನಿಜರೂಪ ಕಾಣಬಯಸಿ ಸುಟ್ಟುಹೋಗುವುದಕ್ಕೂ, ಹೆರಿಗೆಗೆ ನೆಲ ಸಿಗದೆ ಲೀಟೋ ಅಲೆಯುವುದಕ್ಕೂ ಹೇರಾಳೇ ಕಾರಣ. ಈ ಗುಂಪಿನ ನಾಯಕ ಹೆರಾಕ್ಲೀಸ್. ಹೇರಾ ಅವನ ಜನನವನ್ನು ತಡೆದು ಯುರಿಸ್ಥಿಯಸ್ ಮೊದಲು ಹುಟ್ಟುವಂತೆ ಮಾಡಿ ಅರಸುತನ ತಪ್ಪಿಸುತ್ತಾಳೆ. ತೊಟ್ಟಿಲಿಗೆ ಹಾವುಗಳನ್ನು ಬಿಡುತ್ತಾಳೆ. ಮುಂದೆ ಹುಚ್ಚು ಹಿಡಿಸುತ್ತಾಳೆ. ಆದರೆ ಅವನ ಹೆಸರಿನ ಅರ್ಥವೇ ‘ಹೇರಾಳ ಕೀರ್ತಿ’. ಅವನು ಅಮರನಾದ ಬಳಿಕ ಇಬ್ಬರೂ ರಾಜಿಯಾಗುತ್ತಾರೆ. ಅವಳ ಮಗಳು ಹೀಬಿಯನ್ನೇ ಅವನು ಮದುವೆಯಾಗುತ್ತಾನೆ. ಶಿಶು ಹೆರಾಕ್ಲೀಸ್‌ಗೆ ಉಣಿಸುವಾಗ ಚೆಲ್ಲಿದ ಹೇರಾಳ ಹಾಲೇ ಆಕಾಶದ ಕ್ಷೀರಪಥವಾಯಿತೆಂಬ ಕಥೆಯೂ ಇದೆ.

ಮೂರನೆಯದು ಹೇರಾ ರಕ್ಷಕಿಯಾಗಿ ಅಥವಾ ವೈರಿಯಾಗಿ ವೀರರ ಭವಿಷ್ಯವನ್ನು ನಿರ್ಧರಿಸುವ ಕಥೆಗಳು. ಮುದುಕಿಯ ವೇಷದಲ್ಲಿದ್ದ ತನ್ನನ್ನು ಹೊಳೆ ದಾಟಿಸಿದ ಜೇಸನ್‌ಗೆ ಚಿನ್ನದ ಉಣ್ಣೆಯ ಯಾತ್ರೆಯುದ್ದಕ್ಕೂ ಅವಳು ಬೆಂಬಲವಾಗಿ ನಿಲ್ಲುತ್ತಾಳೆ. ಸೌಂದರ್ಯ ಸ್ಪರ್ಧೆಯಲ್ಲಿ ಅಫ್ರೊಡೈಟಿಗೆ ಬಹುಮಾನ ಕೊಟ್ಟ ಪ್ಯಾರಿಸ್‌ನ ನಗರವಾದ ಟ್ರಾಯ್‌ನ ನಾಶಕ್ಕೆ ಪಟ್ಟುಹಿಡಿಯುತ್ತಾಳೆ. ಅದಕ್ಕಾಗಿ ತನಗೆ ಅತ್ಯಂತ ಪ್ರಿಯವಾದ ಆರ್ಗೋಸ್, ಸ್ಪಾರ್ಟಾ, ಮೈಸಿನಿ ನಗರಗಳನ್ನೂ ಜ್ಯೂಸ್ ಮುಂದೊಮ್ಮೆ ನಾಶಮಾಡಬಹುದೆಂದು ಒಪ್ಪುತ್ತಾಳೆ.

ಈ ಕಥೆಗಳಲ್ಲಿ ಎಲ್ಲಿಯೂ ಹೇರಾ ಪಾತಿವ್ರತ್ಯಕ್ಕೆ ದ್ರೋಹ ಬಗೆಯುವುದಿಲ್ಲ. ಅವಳನ್ನು ಬಯಸಿದ ಇಕ್ಸಿಯಾನ್ ಅವಳ ರೂಪದ ಮೋಡವನ್ನು ಅಪ್ಪಿ, ಉರಿಯುವ ಚಕ್ರಕ್ಕೆ ಬಿಗಿಯಲ್ಪಡುವ ಶಿಕ್ಷೆಗೆ ಗುರಿಯಾಗುತ್ತಾನೆ. ವಿಧ್ಯುಕ್ತ ಪತ್ನಿಯ ಹಕ್ಕಿಗೆ ಭಂಗ ಬಂದಾಗಲೆಲ್ಲ ಅವಳ ಕೋಪ ಹೊರಡುತ್ತದೆ. ವಿವಾಹದೇವತೆಯ ಸ್ವಭಾವಕ್ಕೂ ಈ ಕಥೆಗಳಿಗೂ ಇರುವ ಸಂಬಂಧ ಇದು.

ಕಾವ್ಯದ ವಿಶೇಷಣಗಳು ಮತ್ತು ಆರಾಧನಾ ನಾಮಗಳು

ಹೋಮರ್ ಬಳಸುವ ವಿಶೇಷಣಗಳಲ್ಲಿ ‘ಬೋಓಪಿಸ್’ (ಹಸುವಿನ ಕಣ್ಣಿನವಳು), ‘ಲ್ಯೂಕೋಲೆನೋಸ್’ (ಬಿಳಿದೋಳಿನವಳು) ಮತ್ತು ‘ಪೋಟ್ನಿಯಾ’ (ಒಡತಿ) ಮುಖ್ಯವಾದವು.

ಪೂಜೆಯಲ್ಲಿ ಅವಳ ಪ್ರಧಾನ ನಾಮ ‘ಟೆಲಿಯಾ’. ಗುರಿ, ಪೂರ್ಣತೆ ಎಂಬರ್ಥದ ‘ಟೆಲೋಸ್’ ಪದದಿಂದ ಬಂದ ಇದು ಮದುವೆಯನ್ನು ಪೂರ್ಣಗೊಳಿಸುವವಳು ಎಂದು ಸೂಚಿಸುತ್ತದೆ. ಹೆಣ್ಣಿನ ಬಾಳಿನ ಪೂರ್ಣತೆ ಮದುವೆಯಲ್ಲಿದೆಯೆಂಬುದು ಅಂದಿನ ಗ್ರೀಕ್ ಸಮಾಜದ ಗ್ರಹಿಕೆ. ಇದಕ್ಕೆ ಸರಿಯಾಗಿ ಜ್ಯೂಸ್‌ಗೆ ‘ಟೆಲಿಯೋಸ್’ ಎಂಬ ನಾಮವಿತ್ತು. ‘ಗಮೇಲಿಯಾ’ ಎಂದರೆ ಮದುವೆಯವಳು. ‘ಝೈಗಿಯಾ’ ಎಂದರೆ ನೊಗಕ್ಕೆ ಜೋಡಿಸುವವಳು, ಅಂದರೆ ಎರಡು ಜೀವಗಳನ್ನು ಕೂಡಿಸುವವಳು. ಬೆಟ್ಟದ ಕೋಡಿನ ಕ್ಷೇತ್ರಗಳಲ್ಲಿ ಅವಳು ‘ಅಕ್ರಾಯಾ’ ಆಗಿದ್ದಳು.

ಆರ್ಕೇಡಿಯಾ ಪ್ರಾಂತದ ಸ್ಟಿಂಫಾಲೋಸ್‌ನಲ್ಲಿ ಹೇರಾಳಿಗೆ ಮೂರು ಗುಡಿಗಳಿದ್ದವೆಂದು ಪೌಸೇನಿಯಸ್ ಬರೆಯುತ್ತಾನೆ: ಕನ್ಯೆಯಾಗಿ ‘ಪೈಸ್’, ಮದುವೆಯಾದವಳಾಗಿ ‘ಟೆಲಿಯಾ’, ಜ್ಯೂಸ್‌ನೊಡನೆ ಜಗಳವಾಡಿ ಹಿಂತಿರುಗಿದವಳಾಗಿ ‘ಖೇರಾ’. ಕೊನೆಯ ಪದಕ್ಕೆ ಗಂಡನನ್ನು ಕಳೆದುಕೊಂಡವಳು ಎಂಬ ಅರ್ಥವಿದೆ. ಹೆಣ್ಣಿನ ಬಾಳಿನ ಮೂರು ಅವಸ್ಥೆಗಳನ್ನೂ ಒಬ್ಬಳೇ ದೇವತೆಯಲ್ಲಿ ಕಾಣುವ ಕ್ರಮ ಇದು. ನೌಪ್ಲಿಯಾದ ಬಳಿಯ ಕಾನಥೋಸ್ ಎಂಬ ಚಿಲುಮೆಯಲ್ಲಿ ಹೇರಾ ವರ್ಷಕ್ಕೊಮ್ಮೆ ಮಿಂದು ಮತ್ತೆ ಕನ್ಯೆಯಾಗುತ್ತಾಳೆಂದು ಆರ್ಗೋಸ್‌ನವರು ನಂಬಿದ್ದರು. ಪವಿತ್ರ ವಿವಾಹವನ್ನು ಪ್ರತಿವರ್ಷ ಹೊಸದಾಗಿ ಆಚರಿಸಲು ಈ ನಂಬಿಕೆ ಆಧಾರವಾಗಿತ್ತು.

ಮದುವೆಯ ಆಚರಣೆಗಳಲ್ಲಿ ಹೇರಾ

ಗ್ರೀಕ್ ಮದುವೆಯಲ್ಲಿ ಹಲವು ದೇವತೆಗಳಿಗೆ ಪಾಲಿತ್ತು. ಮದುವೆಯಾಗುವವರಿಗೆ ಬೇಕಾದ ಐವರು ದೇವತೆಗಳನ್ನು ಪ್ಲುಟಾರ್ಕ್ ಹೆಸರಿಸುತ್ತಾನೆ: ಜ್ಯೂಸ್ ಟೆಲಿಯೋಸ್, ಹೇರಾ ಟೆಲಿಯಾ, ಅಫ್ರೊಡೈಟಿ, ಒಲಿಸುವ ಮಾತಿನ ದೇವತೆ ಪೈಥೋ ಮತ್ತು ಆರ್ಟೆಮಿಸ್. ಮದುವೆ ಹಾಡಿನ ಮೂರ್ತರೂಪ ಹೈಮನ್ ಅಥವಾ ಹೈಮನೇಯಸ್. ಕನ್ಯಾವಸ್ಥೆಯನ್ನು ಬಿಡುವಾಗ ಆರ್ಟೆಮಿಸ್‌ಗೂ ಒಲುಮೆಗಾಗಿ ಅಫ್ರೊಡೈಟಿಗೂ ಕಾಣಿಕೆ ಸಲ್ಲಿಸಿದರೆ, ಮದುವೆಯ ಬಂಧಕ್ಕೂ ಪತ್ನಿಯ ಪದವಿಗೂ ಹೇರಾ ಒಡತಿಯಾಗಿದ್ದಳು.

ಮದುವೆಗೆ ಮುಂಚಿನ ಬಲಿ ಮತ್ತು ಕಾಣಿಕೆಗಳನ್ನು ‘ಪ್ರೋಟೆಲಿಯಾ’ ಎನ್ನುತ್ತಿದ್ದರು. ಎಲ್ಲರೂ ಮೊದಲು ಜ್ಯೂಸ್ ಟೆಲಿಯೋಸ್ ಮತ್ತು ಹೇರಾ ಟೆಲಿಯಾರಿಗೆ ಬಲಿ ಕೊಡುತ್ತಾರೆಂದು ಡಯೋಡೋರಸ್ ಬರೆದಿದ್ದಾನೆ. ಹೇರಾ ಗಮೇಲಿಯಾಳಿಗೆ ಕೊಡುವ ಬಲಿಯಲ್ಲಿ ಒಂದು ವಿಶೇಷ ವಿಧಿಯಿತ್ತೆಂದು ಪ್ಲುಟಾರ್ಕ್ ದಂಪತಿಗಳಿಗೆ ಬರೆದ ಹಿತವಚನಗಳಲ್ಲಿ ತಿಳಿಸುತ್ತಾನೆ: ಬಲಿಪಶುವಿನ ಪಿತ್ತಕೋಶವನ್ನು ಉಳಿದ ಭಾಗಗಳೊಡನೆ ಅರ್ಪಿಸದೆ, ಹೊರತೆಗೆದು ಬಲಿಪೀಠದ ಪಕ್ಕಕ್ಕೆ ಎಸೆಯುತ್ತಿದ್ದರು. ದಾಂಪತ್ಯದಲ್ಲಿ ಪಿತ್ತಕ್ಕೂ ಕೋಪಕ್ಕೂ ಎಡೆಯಿರಬಾರದೆಂಬುದು ಅವನು ಕೊಡುವ ವಿವರಣೆ. ವಧುವಿನ ಮುಸುಕು ತೆಗೆಯುವುದು ಗ್ರೀಕ್ ಮದುವೆಯ ಮುಖ್ಯ ಘಟ್ಟ. ಹೇರಾಳ ಶಿಲ್ಪಗಳಲ್ಲಿ ಮುಸುಕನ್ನು ಬೆರಳಿನಿಂದ ಸರಿಸುವ ಭಂಗಿ ಇದನ್ನೇ ಸೂಚಿಸುತ್ತದೆ.

ಅಥೆನ್ಸ್‌ನ ಪಂಚಾಂಗದಲ್ಲಿ ಜನವರಿ–ಫೆಬ್ರವರಿಯ ಹೊತ್ತಿಗೆ ಬರುವ ಗಮೇಲಿಯೋನ್ ಮಾಸಕ್ಕೆ ಮದುವೆಯಿಂದಲೇ ಹೆಸರು ಬಂದಿತ್ತು. ಆ ತಿಂಗಳ ಕೊನೆಯಲ್ಲಿ ಥಿಯೋಗಾಮಿಯಾ ಎಂಬ ಹಬ್ಬದಲ್ಲಿ ಜ್ಯೂಸ್–ಹೇರಾ ವಿವಾಹವನ್ನು ಸ್ಮರಿಸುತ್ತಿದ್ದರು. ನಾಟಕಗಳಲ್ಲೂ ಮದುವೆಯ ಮೇಲಿನ ಅವಳ ಅಧಿಕಾರದ ಉಲ್ಲೇಖಗಳಿವೆ. ಈಸ್ಕಿಲಸ್‌ನ ‘ಯೂಮೆನಿಡೀಸ್’ ನಾಟಕದಲ್ಲಿ ಗಂಡನನ್ನು ಕೊಂದ ಹೆಂಡತಿಯ ಅಪರಾಧವನ್ನು ಹಗುರವಾಗಿ ಕಾಣುವುದು ಹೇರಾ ಟೆಲಿಯಾ ಮತ್ತು ಜ್ಯೂಸ್ ಕಾಯುವ ಪ್ರತಿಜ್ಞೆಗೆ ಅಪಮಾನವೆಂದು ಅಪೋಲೋ ವಾದಿಸುತ್ತಾನೆ. ಅರಿಸ್ಟೋಫನೀಸ್ ಒಂದು ನಾಟಕದಲ್ಲಿ ಹೇರಾಳನ್ನು ಮದುವೆಯ ಬೀಗದ ಕೈಗಳನ್ನು ಕಾಯುವವಳೆಂದು ವರ್ಣಿಸಿದ್ದಾನೆ. ‘ಹೇರಾಳ ಆಣೆ’ ಹೆಂಗಸರ ನಿತ್ಯದ ಮಾತಿನಲ್ಲಿತ್ತು. ಪ್ಲೇಟೋನ ಸಂವಾದಗಳಲ್ಲಿ ಸಾಕ್ರಟೀಸ್‌ನೂ ಈ ಆಣೆ ಇಡುತ್ತಾನೆ.

ಆರಾಧನಾ ಕೇಂದ್ರಗಳು

ಆರ್ಗೋಸ್: ಆರ್ಗೋಸ್ ಮತ್ತು ಮೈಸಿನಿ ನಡುವಿನ ಬೆಟ್ಟದ ಇಳಿಜಾರಿನ ಹೇರಾಯೋನ್ ಗ್ರೀಸ್‌ನ ಪ್ರಮುಖ ಹೇರಾ ಕ್ಷೇತ್ರ. ಇಲ್ಲಿನ ಅರ್ಚಕಿಯರ ಅಧಿಕಾರಾವಧಿಯಿಂದ ಕಾಲಗಣನೆ ಮಾಡುವ ರೂಢಿಯಿತ್ತು. ಪೆಲೊಪೊನೀಷಿಯನ್ ಯುದ್ಧದ ಆರಂಭವನ್ನು ಥುಸಿಡೈಡಿಸ್ ಗುರುತಿಸುವುದು ಅರ್ಚಕಿ ಕ್ರೈಸಿಸ್‌ಳ 48ನೇ ವರ್ಷವೆಂದು. ಕ್ರಿ.ಪೂ. 423ರಲ್ಲಿ ಅವಳು ಹೂಮಾಲೆಗಳ ಬಳಿ ಉರಿಯುವ ದೀಪವನ್ನಿಟ್ಟು ನಿದ್ದೆಹೋದಳು. ಮಾಲೆಗಳಿಗೆ ಬೆಂಕಿ ತಗುಲಿ ದೇವಾಲಯವೇ ಸುಟ್ಟಿತು. ಅವಳು ಅದೇ ರಾತ್ರಿ ಫ್ಲಿಯೂಸ್ ನಗರಕ್ಕೆ ಓಡಿಹೋದಳು. ಯುಪೊಲಿಮೋಸ್ ಎಂಬ ಸ್ಥಳೀಯ ಸ್ಥಪತಿ ಹೊಸ ದೇವಾಲಯವನ್ನು ಕಟ್ಟಿದ. ಅದರ ಗರ್ಭಗುಡಿಗೆ ಪಾಲಿಕ್ಲೀಟಸ್ ದಂತ ಮತ್ತು ಚಿನ್ನದಲ್ಲಿ ಬೃಹತ್ ಆಸೀನ ಮೂರ್ತಿಯನ್ನು ಮಾಡಿದ. ಅದರ ಕಿರೀಟದಲ್ಲಿ ಲಾವಣ್ಯದೇವತೆಯರೂ ಋತುದೇವತೆಯರೂ ಇದ್ದರು. ಒಂದು ಕೈಯಲ್ಲಿ ದಾಳಿಂಬೆ, ಇನ್ನೊಂದರಲ್ಲಿ ತುದಿಗೆ ಕುಕೂ ಹಕ್ಕಿ ಕುಳಿತ ರಾಜದಂಡ. ಟಿರಿನ್ಸ್‌ನಿಂದ ತಂದ, ಕಾಡು ಪೇರು ಮರದ ಹಳೆಯ ಚಿಕ್ಕ ವಿಗ್ರಹವೂ ಅಲ್ಲಿತ್ತು. ಇಲ್ಲಿನ ಉತ್ಸವದಲ್ಲಿ ಅರ್ಚಕಿ ಎತ್ತಿನ ಬಂಡಿಯಲ್ಲಿ ಬರುತ್ತಿದ್ದಳು; ಸ್ಪರ್ಧೆಗಳಲ್ಲಿ ಗೆದ್ದವರಿಗೆ ಗುರಾಣಿ ಬಹುಮಾನ. ಎತ್ತುಗಳು ಹೊತ್ತಿಗೆ ಬಾರದಿದ್ದಾಗ ಕ್ಲಿಯೋಬಿಸ್ ಮತ್ತು ಬೈಟನ್ ಎಂಬ ಸೋದರರು ತಾವೇ ನೊಗಕ್ಕೆ ಹೆಗಲು ಕೊಟ್ಟು ತಾಯಿಯನ್ನು 45 ಸ್ಟೇಡಿಯಾ ದೂರ, ಅಂದರೆ ಸುಮಾರು 8 ಕಿ.ಮೀ., ಎಳೆದುತಂದರೆಂದು ಹೆರೊಡೋಟಸ್ ಹೇಳುತ್ತಾನೆ. ಮಕ್ಕಳಿಗೆ ಅತ್ಯುತ್ತಮವಾದುದನ್ನು ಕೊಡೆಂದು ತಾಯಿ ಬೇಡಿದಳು. ಗುಡಿಯಲ್ಲಿ ಮಲಗಿದ ಇಬ್ಬರೂ ಮತ್ತೆ ಏಳಲಿಲ್ಲ.

ಸಾಮೋಸ್: ಸಾಮೋಸ್‌ನ ಹೇರಾಯೋನ್ ಇಂಬ್ರಾಸೋಸ್ ನದಿಯ ಮುಖದ ಜೌಗುನೆಲದಲ್ಲಿದೆ. ದೇವಿ ಅಡಿಯಲ್ಲಿ ಹುಟ್ಟಿದಳೆಂದು ನಂಬಿದ್ದ ಲೈಗೋಸ್ ಮರ ಕ್ಷೇತ್ರದ ಪವಿತ್ರ ವೃಕ್ಷ. ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಯುವ ಲಕ್ಕಿ ಗಿಡವೂ ಇದೇ ಸಸ್ಯಕುಲದ್ದು. ಕ್ರಿ.ಪೂ. 8ನೇ ಶತಮಾನದಲ್ಲಿ ಇಲ್ಲಿ ಸುಮಾರು ನೂರು ಅಡಿ ಉದ್ದದ ದೇವಾಲಯವಿತ್ತು. ಸುಮಾರು ಕ್ರಿ.ಪೂ. 570ರಲ್ಲಿ ರೋಯಿಕೋಸ್ ಎಂಬ ಸ್ಥಪತಿ ಸುತ್ತಲೂ ಎರಡು ಸಾಲು ಕಂಬಗಳ, ನೂರು ಮೀಟರ್‌ಗೂ ಉದ್ದವಾದ ದೇವಾಲಯವನ್ನು ಕಟ್ಟಿದ. ಅದು ಬೇಗನೆ ಹಾಳಾಗಿ, ಪಾಲಿಕ್ರಟೀಸ್‌ನ ಆಳ್ವಿಕೆಯ ಕಾಲದಲ್ಲಿ ಇನ್ನೂ ದೊಡ್ಡದನ್ನು ಆರಂಭಿಸಿದರು. ಅದು ಪೂರ್ಣವಾಗಲೇ ಇಲ್ಲ. ತಾನು ಬಲ್ಲ ದೇವಾಲಯಗಳಲ್ಲಿ ಇದೇ ಅತಿ ದೊಡ್ಡದೆಂದು ಹೆರೊಡೋಟಸ್ ಬರೆದಿದ್ದಾನೆ. ಈಜಿಪ್ಟ್, ಸೈಪ್ರಸ್, ಫಿನೀಷಿಯಾ, ಮೆಸೊಪೊಟೇಮಿಯಾಗಳಿಂದ ಬಂದ ಹರಕೆಯ ವಸ್ತುಗಳು ಇಲ್ಲಿ ದೊರೆತಿವೆ. ತೇವದ ಮಣ್ಣಿನಲ್ಲಿ ಮರದ ವಸ್ತುಗಳೂ ಕೊಳೆಯದೆ ಉಳಿದಿವೆ. ಟೋನಾಯಾ ಎಂಬ ಹಬ್ಬದಲ್ಲಿ ವಿಗ್ರಹವನ್ನು ಕಡಲತೀರಕ್ಕೆ ಒಯ್ದು ಶುದ್ಧಗೊಳಿಸಿ, ರೊಟ್ಟಿಗಳನ್ನು ಎಡೆಯಿಟ್ಟು ಹಿಂದಕ್ಕೆ ತರುತ್ತಿದ್ದರು.

ಒಲಿಂಪಿಯಾ: ಸುಮಾರು ಕ್ರಿ.ಪೂ. 600ರಲ್ಲಿ ಕಟ್ಟಿದ ಇಲ್ಲಿನ ಹೇರಾ ದೇವಾಲಯ ಕ್ಷೇತ್ರದ ಜ್ಯೂಸ್ ದೇವಾಲಯಕ್ಕಿಂತ ಒಂದು ಶತಮಾನಕ್ಕೂ ಹಳೆಯದು. ಮುಂಭಾಗಕ್ಕೆ 6, ಪಕ್ಕಕ್ಕೆ 16 ಕಂಬಗಳು. ಮೊದಲು ಮರದವಾಗಿದ್ದ ಕಂಬಗಳನ್ನು ಕಾಲಕಾಲಕ್ಕೆ ಕಲ್ಲಿನವಾಗಿ ಬದಲಿಸಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಪೌಸೇನಿಯಸ್ ಬಂದಾಗಲೂ ಓಕ್ ಮರದ ಒಂದು ಕಂಬ ಉಳಿದಿತ್ತು. ಶಿಶು ಡಯೊನೈಸಸ್‌ನನ್ನು ಎತ್ತಿಕೊಂಡ ಹರ್ಮೀಸ್‌ನ ಪ್ರಸಿದ್ಧ ಶಿಲ್ಪ 1877ರಲ್ಲಿ ಇಲ್ಲೇ ಸಿಕ್ಕಿತು. ನಾಲ್ಕು ವರ್ಷಕ್ಕೊಮ್ಮೆ ಹದಿನಾರು ಮಂದಿ ಹೆಂಗಸರು ಹೇರಾಳಿಗೆ ಪೆಪ್ಲೋಸ್ ಎಂಬ ವಸ್ತ್ರವನ್ನು ನೇಯ್ದು ಅರ್ಪಿಸಿ, ಹೇರಾಯಾ ಎಂಬ ಕ್ರೀಡೆಗಳನ್ನು ನಡೆಸುತ್ತಿದ್ದರು. ಮದುವೆಯಾಗದ ಹುಡುಗಿಯರು ಮೂರು ವಯೋಗುಂಪುಗಳಲ್ಲಿ, ತಲೆಗೂದಲು ಬಿಟ್ಟು, ಮೊಣಕಾಲಿನ ಮೇಲಕ್ಕೆ ಬರುವ ಉಡುಪು ತೊಟ್ಟು ಓಡುತ್ತಿದ್ದರು. ಓಟದ ದೂರ ಗಂಡಸರ ಪಥಕ್ಕಿಂತ ಆರನೇ ಒಂದು ಭಾಗ ಕಡಿಮೆ. ಗೆದ್ದವರಿಗೆ ಆಲಿವ್ ಎಲೆಯ ಕಿರೀಟ ಮತ್ತು ಬಲಿಯ ಹಸುವಿನ ಮಾಂಸದಲ್ಲಿ ಪಾಲು. ಪಿಲಾಪ್ಸ್‌ನೊಡನೆ ತನ್ನ ಮದುವೆಯಾದುದಕ್ಕೆ ಕೃತಜ್ಞತೆಯಾಗಿ ಹಿಪ್ಪೊಡಮಿಯಾ ಈ ಕ್ರೀಡೆಗಳನ್ನು ಆರಂಭಿಸಿದಳೆಂಬುದು ಐತಿಹ್ಯ.

ಪ್ಲಾಟಿಯಾ: ಬಿಯೋಷಿಯಾದ ಈ ಊರಿನ ಡೀಡಲಾ ಉತ್ಸವ ಒಂದು ಕಥೆಯನ್ನು ಆಧರಿಸಿದೆ. ಮುನಿಸಿಕೊಂಡು ಹೋದ ಹೇರಾಳನ್ನು ಮರಳಿ ಕರೆತರಲು ಜ್ಯೂಸ್ ಮರದ ಬೊಂಬೆಗೆ ಮುಸುಕು ಹಾಕಿ, ಹೊಸ ಮದುವೆಯಾಗುತ್ತಿರುವುದಾಗಿ ಬಂಡಿಯಲ್ಲಿ ಹೊರಟ. ಓಡಿಬಂದ ಹೇರಾ ಮುಸುಕು ಹರಿದು ಬೊಂಬೆಯನ್ನು ಕಂಡು ರಾಜಿಯಾದಳು. ಉತ್ಸವಕ್ಕೆ ಮರವನ್ನು ಆರಿಸುವ ಕ್ರಮ ಹೀಗಿತ್ತು: ಓಕ್ ತೋಪಿನಲ್ಲಿ ಬೇಯಿಸಿದ ಮಾಂಸವನ್ನು ಇಟ್ಟು, ಅದನ್ನು ಕಚ್ಚಿಕೊಂಡ ಕಾಗೆ ಯಾವ ಮರದಲ್ಲಿ ಕೂರುತ್ತದೋ ಅದನ್ನೇ ಕಡಿದು ವಿಗ್ರಹ ಮಾಡುತ್ತಿದ್ದರು. ಅರವತ್ತು ವರ್ಷಕ್ಕೊಮ್ಮೆ ನಡೆಯುವ ಮಹಾ ಡೀಡಲಾದಲ್ಲಿ ಹದಿನಾಲ್ಕು ವಿಗ್ರಹಗಳನ್ನು ಸಿತೀರಾನ್ ಪರ್ವತದ ನೆತ್ತಿಗೆ ಒಯ್ದು, ಮರದಿಂದಲೇ ಕಟ್ಟಿದ ಬಲಿಪೀಠದ ಮೇಲೆ ಹೇರಾಳಿಗೆ ಹಸುವನ್ನೂ ಜ್ಯೂಸ್‌ಗೆ ಗೂಳಿಯನ್ನೂ ಅರ್ಪಿಸಿ, ಬಲಿಪೀಠ ಸಮೇತ ಎಲ್ಲವನ್ನೂ ಸುಡುತ್ತಿದ್ದರು.

ಇತರ ಕೇಂದ್ರಗಳು: ಕಾರಿಂತ್ ಕೊಲ್ಲಿಯ ಪೆರಖೋರಾ ಕ್ಷೇತ್ರವನ್ನು ಹಂಫ್ರಿ ಪೇನ್ 1930ರ ದಶಕದ ಆರಂಭದಲ್ಲಿ ಉತ್ಖನನ ಮಾಡಿದ. ಲೆಸ್ಬೋಸ್ ದ್ವೀಪದಲ್ಲಿ ಹೇರಾ, ಜ್ಯೂಸ್ ಮತ್ತು ಡಯೊನೈಸಸ್ ಒಟ್ಟಿಗೆ ಪೂಜೆಗೊಳ್ಳುತ್ತಿದ್ದರು. ಕವಯಿತ್ರಿ ಸಾಫೋ ಅಲ್ಲಿನ ಹೇರಾಳನ್ನು ಕುರಿತು ಪ್ರಾರ್ಥನಾಗೀತೆ ರಚಿಸಿದ್ದಾಳೆ. ದಕ್ಷಿಣ ಇಟಲಿಯ ಗ್ರೀಕ್ ವಸಾಹತುಗಳಲ್ಲಿ ಅವಳ ಆರಾಧನೆ ಪ್ರಬಲವಾಗಿತ್ತು. ಪೇಸ್ಟಂ ನಗರದಲ್ಲಿ ಅವಳಿಗೆ ಸಂಬಂಧಿಸಿದ ಕ್ರಿ.ಪೂ. 6 ಮತ್ತು 5ನೇ ಶತಮಾನಗಳ ಎರಡು ದೇವಾಲಯಗಳು ಇಂದಿಗೂ ನಿಂತಿವೆ. ಹತ್ತಿರದ ಸೆಲೆ ನದಿಮುಖದ ಹೇರಾಯೋನನ್ನು ಪಾವೋಲಾ ಝಂಕಾನಿ ಮೊಂಟುವೋರೊ ಮತ್ತು ಉಂಬೆರ್ಟೋ ಝನೋಟ್ಟಿ ಬಿಯಾಂಕೋ 1934ರಲ್ಲಿ ಪತ್ತೆಹಚ್ಚಿದರು. ಕ್ರೋಟನ್ ಬಳಿಯ ಲಕಿನಿಯನ್ ಹೇರಾಳ ಕ್ಷೇತ್ರದಲ್ಲಿ ಕಾರ್ಥೇಜ್‌ನ ದಂಡನಾಯಕ ಹ್ಯಾನಿಬಾಲ್ ತನ್ನ ಸೇನೆಯ ವಿವರಗಳ ಕಂಚಿನ ಶಾಸನವನ್ನು ಇರಿಸಿದ್ದ; ಈಗ ಅಲ್ಲಿ ಒಂದೇ ಕಂಬ ಉಳಿದಿದೆ.

ಲಾಂಛನಗಳು ಮತ್ತು ಕಲೆ

ರಾಜದಂಡ, ‘ಪೋಲೋಸ್’ ಎಂಬ ಕೊಳವೆಯಾಕಾರದ ಎತ್ತರದ ಕಿರೀಟ ಮತ್ತು ವಧುವಿನ ಮುಸುಕು ಹೇರಾಳ ಗುರುತುಗಳು. ಪ್ರಾಣಿಪಕ್ಷಿಗಳಲ್ಲಿ ಹಸು, ಕುಕೂ ಮತ್ತು ನವಿಲು ಅವಳಿಗೆ ಸಂಬಂಧಿಸಿದವು. ನವಿಲು ಭಾರತ ಮೂಲದ ಹಕ್ಕಿಯಾದ್ದರಿಂದ ಉಳಿದ ಲಾಂಛನಗಳಿಗಿಂತ ತಡವಾಗಿ ಸೇರಿತು. ಸಾಮೋಸ್‌ನ ಕ್ಷೇತ್ರದಲ್ಲಿ ನವಿಲುಗಳನ್ನು ಸಾಕುತ್ತಿದ್ದರು, ಆ ದ್ವೀಪದ ನಾಣ್ಯಗಳ ಮೇಲೂ ಅದರ ಚಿತ್ರವಿದೆ. ಬೀಜಭರಿತ ದಾಳಿಂಬೆ ಸಂತಾನಸಮೃದ್ಧಿಯ ಸಂಕೇತ.

ಸಾಮೋಸ್‌ನಲ್ಲಿ ಖೆರಾಮಿಯಸ್ ಎಂಬಾತ ಹೇರಾಳಿಗೆ ಅರ್ಪಿಸಿದ, ಸುಮಾರು ಕ್ರಿ.ಪೂ. 570–560ರ ಅಮೃತಶಿಲೆಯ ಸ್ತ್ರೀಮೂರ್ತಿ ಈಗ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ತಲೆಯಿಲ್ಲದ, 1.92 ಮೀ. ಎತ್ತರದ ಈ ಶಿಲ್ಪದ ಕೆಳಗಿನ ಭಾಗ ಕಂಬದಂತೆ ದುಂಡಾಗಿದ್ದು, ಸಣ್ಣ ನೆರಿಗೆಗಳು ನೇರ ಗೆರೆಗಳಾಗಿ ಇಳಿಯುತ್ತವೆ. ನೆರಿಗೆಯಂಚಿನಲ್ಲಿ ಕಾಲ್ಬೆರಳುಗಳಷ್ಟೇ ಕಾಣುತ್ತವೆ. ಸಿಸಿಲಿಯ ಸೆಲಿನುಂಟೆಯ ಒಂದು ಉಬ್ಬುಶಿಲ್ಪದಲ್ಲಿ ಬಂಡೆಯ ಮೇಲೆ ಕುಳಿತ ಜ್ಯೂಸ್ ಮುಸುಕು ಸರಿಸುತ್ತಿರುವ ಹೇರಾಳ ಮಣಿಕಟ್ಟನ್ನು ಹಿಡಿದಿದ್ದಾನೆ. ವರ ವಧುವಿನ ಮಣಿಕಟ್ಟು ಹಿಡಿಯುವುದು ಗ್ರೀಕ್ ಮದುವೆಯ ಕ್ರಮ. ಸುಣ್ಣಕಲ್ಲಿನ ಈ ಶಿಲ್ಪದಲ್ಲಿ ಹೇರಾಳ ಮುಖ, ಕೈ ಮೊದಲಾದ ತೆರೆದ ಭಾಗಗಳಿಗೆ ಮಾತ್ರ ಬಿಳಿ ಅಮೃತಶಿಲೆ ಬಳಸಲಾಗಿದೆ. ಅಥೆನ್ಸ್‌ನ ಪಾರ್ಥೆನಾನ್ ದೇವಾಲಯದ ಪೂರ್ವದ ಶಿಲ್ಪಪಟ್ಟಿಯಲ್ಲೂ ಹೇರಾ ಜ್ಯೂಸ್‌ನತ್ತ ತಿರುಗಿ ಮುಸುಕೆತ್ತುತ್ತಾಳೆ.

ಜೂನೋ

ಎಟ್ರುಸ್ಕನ್ನರ ಉನಿ ಮತ್ತು ರೋಮನ್ನರ ಜೂನೋ ಸ್ವತಂತ್ರ ಮೂಲದ ದೇವತೆಗಳಾದರೂ ಗ್ರೀಕ್ ಸಂಪರ್ಕದಿಂದ ಹೇರಾಳ ಕಥೆಗಳನ್ನು ಪಡೆದರು. ಜೂನೋ ರೋಮ್‌ನ ಕ್ಯಾಪಿಟೋಲ್ ಬೆಟ್ಟದಲ್ಲಿ ಜೂಪಿಟರ್ ಮತ್ತು ಮಿನರ್ವಾ ಜೊತೆ ಪೂಜೆಗೊಳ್ಳುತ್ತಿದ್ದಳು. ಹೆರಿಗೆಯ ದೇವತೆಯಾಗಿ ಅವಳು ಲೂಸಿನಾ. ಮಾರ್ಚ್ 1ರ ಮೇಟ್ರೊನೇಲಿಯಾ ಹಬ್ಬದಂದು ಗಂಡಂದಿರು ಹೆಂಡತಿಯರಿಗೆ ಉಡುಗೊರೆ ಕೊಡುತ್ತಿದ್ದರು. ಜೂನೋ ಮೊನೇಟಾಳ ದೇವಾಲಯದ ಬಳಿ ರೋಮ್‌ನ ಟಂಕಸಾಲೆ ಇತ್ತು; ಹಣಕ್ಕೆ ಇಂಗ್ಲಿಷಿನಲ್ಲಿರುವ ‘ಮನಿ’ ಎಂಬ ಪದದ ಮೂಲ ಇದೇ. ಜೂನ್ ತಿಂಗಳಿಗೂ ಅವಳಿಂದ ಹೆಸರು ಬಂತೆಂಬುದು ಪ್ರಚಲಿತ ಅಭಿಪ್ರಾಯ. ವರ್ಜಿಲ್‌ನ ‘ಈನಿಯಡ್’ ಮಹಾಕಾವ್ಯದಲ್ಲಿ ಕಥೆಯನ್ನು ಮುನ್ನಡೆಸುವುದು ಟ್ರಾಯ್‌ನವರ ಮೇಲಿನ ಜೂನೋಳ ಕೋಪ.

ವ್ಯಾಖ್ಯಾನಗಳು

20ನೇ ಶತಮಾನದ ಆರಂಭದಲ್ಲಿ ಜೇನ್ ಹ್ಯಾರಿಸನ್, ಹೇರಾ ಮೂಲತಃ ಗ್ರೀಕರಿಗಿಂತ ಹಿಂದಿನ ಜನರ ಸ್ವತಂತ್ರ ದೇವತೆಯೆಂದೂ, ಉತ್ತರದಿಂದ ಬಂದವರ ದೇವನಾದ ಜ್ಯೂಸ್‌ನೊಡನೆ ಅವಳಿಗೆ ಬಲವಂತದ ಮದುವೆಯಾಯಿತೆಂದೂ, ಪುರಾಣದ ಕಲಹಗಳು ಆ ಸಂಘರ್ಷದ ಪ್ರತಿಬಿಂಬವೆಂದೂ ವಾದಿಸಿದಳು. ಪೈಲೋಸ್ ಫಲಕ ಓದಲ್ಪಟ್ಟ ಮೇಲೆ ಈ ವಾದದ ಬಲ ಕುಗ್ಗಿತು. ಇಬ್ಬರ ಜೊತೆಗಾರಿಕೆ ಕಂಚಿನ ಯುಗದಷ್ಟು ಹಳೆಯದೆಂಬುದು ಖಚಿತವಾಯಿತು. ವಾಲ್ಟರ್ ಬರ್ಕರ್ಟ್ ಆರಾಧನೆಯ ಹೇರಾಳಿಗೂ ಹೋಮರನ ಹೇರಾಳಿಗೂ ಇರುವ ಅಂತರವನ್ನು ವಿವರಿಸಿದ. ವಿನ್ಸಿಯಾನ್ ಪಿರೆನ್–ಡೆಲ್ಫೋರ್ಜ್ ಮತ್ತು ಗ್ಯಾಬ್ರಿಯೆಲ್ಲಾ ಪಿರೋಂಟಿ 2016ರಲ್ಲಿ ಪ್ರಕಟಿಸಿದ ಫ್ರೆಂಚ್ ಅಧ್ಯಯನ ಈ ಎರಡನ್ನೂ ಮತ್ತೆ ಒಟ್ಟಿಗೆ ಓದುತ್ತದೆ: ಪತ್ನಿಯೂ ಎದುರಾಳಿಯೂ ಆಗಿರುವುದೇ ಹೇರಾಳ ದೈವತ್ವದ ಸ್ವರೂಪವೆಂಬುದು ಅದರ ನಿಲುವು.

ಅವನತಿ ಮತ್ತು ಇಂದಿನ ಸ್ಥಿತಿ

ರೋಮನ್ ಸಾಮ್ರಾಜ್ಯ ಕ್ರೈಸ್ತಧರ್ಮವನ್ನು ಸ್ವೀಕರಿಸಿದ ಮೇಲೆ ಹೇರಾಳ ಆರಾಧನೆ ಕ್ಷೀಣಿಸಿತು, ಕ್ರಿ.ಶ. 391–392ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಬಲಿ ಮತ್ತು ದೇವಾಲಯ ಪೂಜೆಗಳನ್ನು ನಿಷೇಧಿಸಿದ. ಪೇಸ್ಟಂ ಸಮೀಪದ ಕಪಾಚ್ಚೋ ಎಂಬಲ್ಲಿ ಕೈಯಲ್ಲಿ ದಾಳಿಂಬೆ ಹಿಡಿದ ಮೇರಿಮಾತೆ ಈಗಲೂ ಪೂಜೆಗೊಳ್ಳುತ್ತಾಳೆ. ಹೇರಾಳ ಹಳೆಯ ಲಾಂಛನ ಹೀಗೆ ಉಳಿದಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ.

ಆರ್ಗೋಸ್ ಹೇರಾಯೋನ್ 1831ರಲ್ಲಿ ಪತ್ತೆಯಾಗಿ, 1892–95ರಲ್ಲಿ ಚಾರ್ಲ್ಸ್ ವಾಲ್ಡ್‌ಸ್ಟೈನ್ ನೇತೃತ್ವದಲ್ಲಿ ಉತ್ಖನನಗೊಂಡಿತು. ಸಾಮೋಸ್‌ನಲ್ಲಿ ಜರ್ಮನ್ ಪುರಾತತ್ವಜ್ಞರ ಕೆಲಸ 1910ರಲ್ಲಿ ಆರಂಭವಾಯಿತು. ಆ ಕ್ಷೇತ್ರ 1992ರಲ್ಲಿಯೂ ಪೇಸ್ಟಂ 1998ರಲ್ಲಿಯೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆಧುನಿಕ ಒಲಿಂಪಿಕ್ ಕ್ರೀಡಾಜ್ಯೋತಿಯನ್ನು ಒಲಿಂಪಿಯಾದ ಹೇರಾ ದೇವಾಲಯದ ಮುಂದೆ ನಿಮ್ನ ದರ್ಪಣದಿಂದ ಸೂರ್ಯಕಿರಣಗಳನ್ನು ಕೇಂದ್ರೀಕರಿಸಿ ಹೊತ್ತಿಸಲಾಗುತ್ತದೆ.

ಖಗೋಳವಿಜ್ಞಾನದಲ್ಲೂ ಈ ಹೆಸರು ಬಳಕೆಯಲ್ಲಿದೆ. 1804ರಲ್ಲಿ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಜೂನೋ ಎಂದೂ 1868ರಲ್ಲಿ ಕಂಡುಹಿಡಿದ ಇನ್ನೊಂದಕ್ಕೆ ಹೇರಾ ಎಂದೂ ಹೆಸರಿಟ್ಟಿದ್ದಾರೆ. ನಾಸಾ 2011ರಲ್ಲಿ ಹಾರಿಸಿದ ಜೂನೋ ನೌಕೆ 2016ರಲ್ಲಿ ಗುರುಗ್ರಹದ ಕಕ್ಷೆ ಸೇರಿತು. ರೋಮನ್ ಕಥೆಯಲ್ಲಿ ಜೂಪಿಟರ್ ಮೋಡದ ಮರೆಯಲ್ಲಿ ಅಡಗಿಸಿದ್ದನ್ನು ಜೂನೋ ಕಂಡುಹಿಡಿಯುತ್ತಾಳೆ. ದಟ್ಟ ಮೋಡಗಳ ಕೆಳಗಿರುವ ಗ್ರಹದ ರಚನೆಯನ್ನು ಅರಿಯುವ ನೌಕೆಗೆ ಆ ಹೆಸರು ಬಂದುದು ಹಾಗೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಹೇರಾ ಎಂಬ ನೌಕೆಯನ್ನು 2024ರ ಅಕ್ಟೋಬರ್ 7ರಂದು ಹಾರಿಸಿತು. ಡಿಡಿಮೋಸ್ ಎಂಬ ಕ್ಷುದ್ರಗ್ರಹವನ್ನೂ, ಅದನ್ನು ಸುತ್ತುವ, 2022ರಲ್ಲಿ ನಾಸಾದ ಡಾರ್ಟ್ ನೌಕೆ ಅಪ್ಪಳಿಸಿದ ಡಿಮೋರ್ಫೋಸ್ ಎಂಬ ಪುಟ್ಟ ಕಾಯವನ್ನೂ ಸಮೀಪದಿಂದ ಅಧ್ಯಯನ ಮಾಡುವುದು ಅದರ ಉದ್ದೇಶ.